ನಿಧಾನದ ಲೆಕ್ಕ

ಭಾರತದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಕರೆಸಂಕೇತಗಳಲ್ಲಿ ಬಹುಪಾಲು ‘ವಿಯು2’ ಇಲ್ಲವೇ ‘ವಿಯು3’ ಎಂದು ಶುರುವಾಗುತ್ತವೆ. ನಿಮಿಷಕ್ಕೆ 12 ಪದ ಒತ್ತಬಲ್ಲ ಕೈಗೆ ‘ವಿಯು2’ ಅನ್ನುವಷ್ಟು ಮೋರ್ಸ್ ಕಳಿಸಲು ನಾಲ್ಕು ಸೆಕೆಂಡೂ ಬೇಡ. ಅಷ್ಟನ್ನೇ 37 ನಿಮಿಷ ಎಳೆದು ಕಳಿಸುವವರಿದ್ದಾರೆ. ಲೆಕ್ಕ ಸುಲಭ: ಚುಕ್ಕೆಗೆ ಒಂದು ಮಾತ್ರೆ, ಗೆರೆಗೆ ಮೂರು, ಅಕ್ಷರದೊಳಗಿನ ಸಂದಿಗೆ ಒಂದು, ಅಕ್ಷರಗಳ ನಡುವಿನ ಸಂದಿಗೆ ಮೂರು. ‘ವಿ’ಗೆ ಒಂಬತ್ತು, ‘ಯು’ಗೆ ಏಳು, ‘2’ಕ್ಕೆ ಹದಿನೈದು, ನಡುವಿನ ಎರಡು ಸಂದಿಗೆ ಆರು. ಒಟ್ಟು 37 ಮಾತ್ರೆ. ಒಂದು ಮಾತ್ರೆಗೆ ಸೆಕೆಂಡಿನ ಹತ್ತನೇ ಒಂದು ಭಾಗ ಕೊಟ್ಟರೆ ಅದು ಮಾಮೂಲಿ ಮೋರ್ಸ್. ಒಂದು ಪೂರ್ತಿ ನಿಮಿಷ ಕೊಟ್ಟರೆ ಕ್ಯೂಆರ್‌ಎಸ್‌ಎಸ್-60; ಹೀಗೆ ಎಳೆದು ಕಳಿಸುವ ಮೋರ್ಸ್‌ಗೆ ಕ್ಯೂಆರ್‌ಎಸ್‌ಎಸ್ ಅಂತ ಹೆಸರು. ಕೊನೆಯ ಅಂಕಿ ಹೇಳುವುದು ಚುಕ್ಕೆ ಎಷ್ಟು ಸೆಕೆಂಡಿನದು ಅನ್ನುವುದನ್ನು. 3, 10, 30, 60, 120 ಎಂದು ಮೆಟ್ಟಿಲುಗಳಿವೆ. ದಾರಿ ದೂರವಾದಷ್ಟೂ ಮಾತ್ರೆ ಉದ್ದ.

ಇಷ್ಟು ಎಳೆಯಬೇಕಾಗಿ ಬಂದದ್ದು 136 ಕಿಲೋಹರ್ಟ್ಸ್ ಎಂಬ ಜಾಗದ ದೆಸೆಯಿಂದ. ಆಕಾಶವಾಣಿ ಬೆಂಗಳೂರು 612ರಲ್ಲಿ ಬರುತ್ತದಲ್ಲ, ಅದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಕೆಳಗೆ. ನಮ್ಮ ಮನೆಗಳ ಹಳೇ ರೇಡಿಯೋಗಳ ಮುಳ್ಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಯುರೋಪಿನ ಕೆಲವು ದೇಶಗಳು 1990ರ ದಶಕದ ಕೊನೆಯಲ್ಲಿ ಹವ್ಯಾಸಿಗಳಿಗೆ ಈ ಜಾಗವನ್ನು ಬಿಟ್ಟುಕೊಟ್ಟವು. 2007ರ ವಿಶ್ವ ರೇಡಿಯೋ ಸಮ್ಮೇಳನ 135.7ರಿಂದ 137.8ರವರೆಗಿನ ಪಟ್ಟಿಯನ್ನು ಜಗತ್ತಿನ ಹವ್ಯಾಸಿಗಳಿಗೆಲ್ಲ ಹಂಚಿತು. ಹಂಚಿದ್ದು ಎಷ್ಟು ಅಂತ ನೋಡಿ: 2.1 ಕಿಲೋಹರ್ಟ್ಸ್. ಒಬ್ಬ ಮನುಷ್ಯನ ಮಾತು ಕೂಡ ಅದರೊಳಗೆ ಸರಿಯಾಗಿ ಹಿಡಿಸುವುದಿಲ್ಲ. ಜೊತೆಗೆ ಒಂದು ಷರತ್ತು: ಆಂಟೆನಾದಿಂದ ಹೊರಬೀಳುವ ಶಕ್ತಿ 1 ವ್ಯಾಟ್ ದಾಟಕೂಡದು.

1 ವ್ಯಾಟ್ ಅಂದರೆ ಜುಜುಬಿ ಅಂದುಕೊಂಡರೆ, ಆ ಜುಜುಬಿಯನ್ನು ಹೊರಡಿಸುವುದರಲ್ಲೇ ಬೆವರು ಇಳಿಯುತ್ತದೆ. 136 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ 2200 ಮೀಟರ್. ಪಠ್ಯಪುಸ್ತಕ ಹೇಳುವ ಕಾಲು ಅಲೆಯ ಆಂಟೆನಾ ಕಟ್ಟಬೇಕೆಂದರೆ 550 ಮೀಟರ್ ಎತ್ತರದ ಕಂಬ ನಿಲ್ಲಿಸಬೇಕು. ಹಿತ್ತಿಲಿನಲ್ಲಿ ಸಾಧ್ಯವಾಗುವುದು ಹತ್ತೋ ಹದಿನೈದೋ ಮೀಟರ್.

ನಾನಿರುವುದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ಇಲ್ಲಿನ ಹಿರಿಯ ಹ್ಯಾಮ್ ಒಬ್ಬರು ತಮ್ಮ ತೋಟದಲ್ಲಿ ಕಟ್ಟಿಕೊಂಡಿರುವ ಏರ್ಪಾಡನ್ನು ನೋಡಬೇಕು. ಮನೆಯ ಗೋಡೆಯಿಂದ ಬರ್ಚ್ ಮರಕ್ಕೆ ತಂತಿ, ಮರದಿಂದ ಕಂಬಕ್ಕೆ ಇನ್ನೊಂದು, ಮೇಲೆ ಬಟ್ಟೆ ಒಣಹಾಕುವ ಹಗ್ಗಗಳ ಹಾಗೆ ಸಮಾನಾಂತರವಾಗಿ ನಾಲ್ಕೈದು. ಕೆಳಗೆ ಮರದ ಗೂಡಿನೊಳಗೆ, ಬಚ್ಚಲ ನೀರು ಹೋಗುವ ಬೂದುಬಣ್ಣದ ಪ್ಲಾಸ್ಟಿಕ್ ಪೈಪಿನ ಮೇಲೆ ಒತ್ತೊತ್ತಾಗಿ ಸುತ್ತಿದ ಸುರುಳಿ. ಅದರೊಳಗೆ ಒಂದು ಮರಿ ಸುರುಳಿ, ಕೋಲಿನಿಂದ ತಿರುಗಿಸಲು. ಮಳೆ ಬಂದರೆ, ಎಲೆ ಉದುರಿದರೆ, ಮಂಜು ಕೂತರೆ ಆಂಟೆನಾದ ಶ್ರುತಿ ಜಾರುತ್ತದೆ. ಆಗ ಕೋಲು ತಿರುಗಿಸಿ ಸರಿಮಾಡಬೇಕು. ಸುರುಳಿಯ ಮೇಲ್ತುದಿಯಲ್ಲಿ ಸುಮಾರು 9000 ವೋಲ್ಟ್ ಇರುತ್ತದೆ ಎಂದು ಅವರು ಚಹಾ ಬಗ್ಗಿಸುತ್ತಾ ಹೇಳಿದಾಗ ನಾನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ.

ಇಂಥ ಆಂಟೆನಾದ ಜಮಾಖರ್ಚು ಹೀಗಿರುತ್ತದೆ. ತಂತಿಯಲ್ಲಿ 3 ಆಂಪಿಯರ್ ಹರಿಯುತ್ತದೆ ಅನ್ನಿ. ಸುರುಳಿಯ ಮತ್ತು ನೆಲದ ನಷ್ಟವನ್ನೆಲ್ಲ ಕೂಡಿಸಿದರೆ ಸುಮಾರು 60 ಓಮ್. ನಿಜವಾಗಿ ಅಲೆಯಾಗಿ ಹೊರಡುವುದರ ಪಾಲಿನ ರೋಧ 0.03 ಓಮ್. ಅಂದರೆ ಟ್ರಾನ್ಸ್‌ಮಿಟರ್ ಕೊಟ್ಟದ್ದು 540 ವ್ಯಾಟ್, ಗಾಳಿಗೆ ಹೋದದ್ದು ಕಾಲು ವ್ಯಾಟ್. ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎರೆಹುಳಗಳಿಗೆ ಸ್ವಲ್ಪ ಬೆಚ್ಚಗಾಗುತ್ತದೆ.

ಶಕ್ತಿ ಹೆಚ್ಚಿಸುವ ಹಾಗಿಲ್ಲ, ಆಂಟೆನಾ ಎತ್ತರಿಸುವ ಹಾಗಿಲ್ಲ. ಕೈಯಲ್ಲಿ ಉಳಿದಿರುವ ಬಂಡವಾಳ ಸಮಯ ಒಂದೇ. ಗದ್ದಲ ಅನ್ನುವುದು ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರುತ್ತದೆ. ನಾವು ನೋಡುವ ಕಿಂಡಿ ಎಷ್ಟು ಕಿರಿದೋ ಒಳಗೆ ಬರುವ ಗದ್ದಲವೂ ಅಷ್ಟು ಕಮ್ಮಿ. ಆದರೆ ಕಿರಿದಾದ ಕಿಂಡಿ ಬೇಗ ತೆರೆದು ಮುಚ್ಚುವುದಿಲ್ಲ. ಒಂದು ಹರ್ಟ್ಸ್‌ನ ಅರವತ್ತನೇ ಒಂದು ಪಾಲಿನಷ್ಟು ಕಿರಿದು ಮಾಡಬೇಕೆಂದರೆ ಒಂದು ನಿಮಿಷ ಸುಮ್ಮನೆ ಕಾಯಲೇಬೇಕು. ಆ ಒಂದು ನಿಮಿಷ ಸಂಕೇತ ಒಂದೇ ಸಮನೆ ಇದ್ದರೆ ಹನಿಹನಿಗೂಡಿ ಹಳ್ಳವಾಗುತ್ತದೆ; ಗದ್ದಲ ಗೊತ್ತುಗುರಿ ಇಲ್ಲದ್ದರಿಂದ ಅಷ್ಟು ಕೂಡಿಬರುವುದಿಲ್ಲ. 12 ಪದದ ವೇಗದಿಂದ ನಿಮಿಷದ ಚುಕ್ಕೆಗೆ ಇಳಿದರೆ 600 ಪಟ್ಟು ನಿಧಾನ. ಅಷ್ಟೇ ಲಾಭವನ್ನು ಶಕ್ತಿಯಿಂದ ಪಡೆಯಬೇಕೆಂದಿದ್ದರೆ 600 ಪಟ್ಟು ಶಕ್ತಿ ಬೇಕಾಗುತ್ತಿತ್ತು. ಗೌರಿಬಿದನೂರಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಬರೆದ ರೇಡಿಯೋ ದೂರದರ್ಶಕ ನಂಬಿಕೊಂಡಿದ್ದದ್ದೂ ಇದೇ ಸೂತ್ರವನ್ನು: ಒಂದೇ ಕಡೆ ನೋಡುತ್ತಿರು, ಕೂಡುತ್ತಿರು. ಒಂದು ವ್ಯತ್ಯಾಸ ಅಂದರೆ, ನಕ್ಷತ್ರಗಳು ತಮ್ಮ ಹೆಸರನ್ನು ಮೋರ್ಸ್‌ನಲ್ಲಿ ಹೇಳುವುದಿಲ್ಲ.

ಜನ ಇದನ್ನು ತಾಳ್ಮೆಯ ಕಲೆ ಅಂತ ಹೊಗಳುವುದನ್ನು ಕೇಳಿದ್ದೇನೆ. ತಾಳಿದವನು ಬಾಳಿಯಾನು ಅನ್ನುವ ಧಾಟಿ. ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ತಾಳ್ಮೆ ಬೇಕಾದದ್ದು ಸುರುಳಿ ಸುತ್ತುವವರಿಗೆ. ಕೇಳುವ ನಮ್ಮಂಥವರು ಸಂಜೆ ಲ್ಯಾಪ್‌ಟಾಪ್ ಹಚ್ಚಿ, ಊಟ ಮಾಡಿ ಮಲಗುತ್ತೇವೆ. ಕಾಯುವುದು ಕಂಪ್ಯೂಟರ್.

ಕೇಳುವ ಅಂದೆ, ಆದರೆ ಇಲ್ಲಿ ಕಿವಿಗೆ ಕೆಲಸವೇ ಇಲ್ಲ. ಒಂದು ನಿಮಿಷದ ಚುಕ್ಕೆಯನ್ನು ಯಾವ ಕಿವಿಯೂ ಚುಕ್ಕೆಯೆಂದು ಗುರುತಿಸದು. ಮೇಲಾಗಿ ಅದು ಗದ್ದಲದ ತೀರಾ ಕೆಳಗಿರುತ್ತದೆ. ರಿಸೀವರಿನ ಸದ್ದನ್ನು ಸೌಂಡ್ ಕಾರ್ಡಿಗೆ ಕೊಟ್ಟರೆ ಆರ್ಗೋ, ಸ್ಪೆಕ್ಟ್ರಮ್ ಲ್ಯಾಬ್‌ನಂಥ ತಂತ್ರಾಂಶಗಳು ಅದನ್ನು ಚಿತ್ರವಾಗಿ ಬರೆಯುತ್ತವೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಆವರ್ತನ. ನನ್ನ ಲೂಪ್ ಆಂಟೆನಾ ಇರುವುದು ಊರಾಚೆಯ ಬಾಡಿಗೆ ತೋಟದ ಗುಡಿಸಲಿನಲ್ಲಿ. ಅಲ್ಲಿ ಕರೆಂಟ್ ಇಲ್ಲ, ಎಲ್ಲವೂ ಬ್ಯಾಟರಿಯ ಮೇಲೆ. ಮನೆಯಲ್ಲಿದ್ದರೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಪಕ್ಕದವರ ಸೋಲಾರ್ ಇನ್ವರ್ಟರ್ ಎಲ್ಲ ಸೇರಿ ಪರದೆಯನ್ನು ಅಡ್ಡಗೆರೆಗಳ ಪಂಚೆ ಮಾಡಿಬಿಡುತ್ತವೆ.

ಬೆಳಿಗ್ಗೆ ಹೋಗಿ ರಾತ್ರಿಯ ಚಿತ್ರಗಳನ್ನು ಒಂದೊಂದಾಗಿ ತೆಗೆಯುತ್ತೇನೆ. ಮಿಂಚು ಹೊಡೆದಲ್ಲೆಲ್ಲ ಮೇಲಿಂದ ಕೆಳಕ್ಕೆ ತೆಳ್ಳಗಿನ ಬಿಳಿ ಗೀರು. ಆ ಮಿಂಚು ಮೆಡಿಟರೇನಿಯನ್ ಸಮುದ್ರದ ಮೇಲಿನದೂ ಇರಬಹುದು. ಪಟ್ಟಿಯ ಮೇಲಂಚಿನಾಚೆ, 138.83ರಲ್ಲಿ, ಮಾಗ್ಡೆಬುರ್ಗ್ ಪಕ್ಕದ ಬುರ್ಗ್‌ನ ಕೇಂದ್ರ ವಿದ್ಯುತ್ ಜಾಲದ ಸ್ವಿಚ್ಚುಗಳಿಗೆ ಆಜ್ಞೆ ಕಳಿಸುತ್ತಿರುತ್ತದೆ, ಕೆಳಗೆ 135.6ರಲ್ಲಿ ಹಂಗೇರಿಯ ಲಾಕಿಹೆಗಿಯದು ಅದೇ ಕಸುಬು. ಎರಡರ ಅಬ್ಬರದ ನಡುವೆ ಬೂದುಬಣ್ಣದ ಮರಳು ಹರಡಿದಂಥ ಜಾಗ. ಅದರಲ್ಲೆಲ್ಲೋ ಮರಳಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಬೆಳಕಿನ ತುಣುಕು, ಸ್ವಲ್ಪ ಖಾಲಿ, ಅದೇ ಎತ್ತರದಲ್ಲಿ ಇನ್ನೊಂದು ಉದ್ದನೆಯ ತುಣುಕು. ನಡುರಾತ್ರಿ ಗುಡಿಸಲು ತಣ್ಣಗಾದಂತೆ ರಿಸೀವರಿನ ಆವರ್ತನವನ್ನು ಹಿಡಿದಿಡುವ ಹರಳೂ ತಣ್ಣಗಾಗಿ, ಇಡೀ ಸಾಲು ನಿಧಾನ ಕೆಳಕ್ಕೆ ವಾಲುತ್ತದೆ. ಕೋಟಿಯಲ್ಲಿ ಒಂದು ಪಾಲಿನ ಏರುಪೇರೂ ಇಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದು. ಅದಕ್ಕೇ ಈ ಚಟ ಹತ್ತಿದವರೆಲ್ಲ ಕೊನೆಗೆ ಹರಳನ್ನು ಬೆಚ್ಚಗಿಡುವ ಪೆಟ್ಟಿಗೆಗೋ ಜಿಪಿಎಸ್ ಗಡಿಯಾರಕ್ಕೋ ದುಡ್ಡು ಸುರಿಯುತ್ತಾರೆ.

ಊರಿಗೆ ಫೋನ್ ಮಾಡಿದಾಗ ನನ್ನ ಸೋದರಮಾವನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಬೀರೂರು, ಕಡೂರು ಕಡೆಯ ರೈಲ್ವೆ ಸ್ಟೇಷನ್ನುಗಳಲ್ಲಿ ಮೋರ್ಸ್ ಕೀಲಿಯಲ್ಲಿ ತಂತಿ ಹೊಡೆದವರು. ಆಚೆ ಸ್ಟೇಷನ್ನಿನಲ್ಲಿ ಯಾರು ಕೂತಿದ್ದಾರೆಂಬುದನ್ನು ಟಕಟಕ ಸದ್ದಿನಿಂದಲೇ ಹೇಳುತ್ತಿದ್ದರಂತೆ.

“ರಾತ್ರಿಯೆಲ್ಲಾ ಇಟ್ಟು ಕೊನೆಗೆ ಏನು ಬಂತೋ?”

“ಕೆನಡಾದವರೊಬ್ಬರ ಕಾಲ್‌ಸೈನ್, ಮಾವ.”

“ಅವನು ಕಳಿಸ್ತಾನೆ ಅಂತ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಇಂಥಾ ಫ್ರೀಕ್ವೆನ್ಸಿ, ಇಂಥಾ ಹೊತ್ತು ಅಂತ ಹೇಳಿಟ್ಟಿದ್ರು.”

“ಹಂಗಾದ್ರೆ ಹೊಸದಾಗಿ ಬಂದಿದ್ದೇನು?”

ನಕ್ಕು ಬೇರೆ ಮಾತಿಗೆ ಹೊರಳಿದರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಹವ್ಯಾಸದ ಗಂಟು ಇರುವುದು ಅಲ್ಲೇ ಅಂತ ಈಗ ಅನ್ನಿಸುತ್ತದೆ. ನಿಧಾನ ಮಾಡಿದಷ್ಟೂ ದೂರ ಹೋಗಬಹುದು, ನಿಜ. ಆದರೆ ನಿಧಾನ ಮಾಡಿದಷ್ಟೂ ಹೇಳಬಹುದಾದದ್ದು ಕುಗ್ಗುತ್ತದೆ. ಕಡೆಗೆ ಉಳಿಯುವುದು ಒಂದು ಹೆಸರು, ಅದೂ ಮೊದಲೇ ಗೊತ್ತಿರುವ ಹೆಸರು. ಗೊತ್ತಿರುವುದನ್ನು ಮರಳಿನಲ್ಲಿ ಹುಡುಕುವ ಕಣ್ಣು ಬಲು ಉದಾರಿ. ಅರ್ಧ ಗೆರೆಯನ್ನು ಪೂರ್ತಿ ಮಾಡಿಕೊಳ್ಳುತ್ತದೆ, ಸಂದಿಯಲ್ಲಿ ಬಿದ್ದ ಮಿಂಚಿನ ಗೀರನ್ನು ಚುಕ್ಕೆಯೆಂದು ಸೇರಿಸಿಕೊಳ್ಳುತ್ತದೆ, ಬೇಡದ್ದನ್ನು ನೋಡದೆ ದಾಟುತ್ತದೆ.

ರೇಡಿಯೋ ಚರಿತ್ರೆಯ ಅತಿ ಪ್ರಸಿದ್ಧ ಮೂರು ಚುಕ್ಕೆಗಳ ಮೇಲಿರುವ ತಕರಾರೂ ಇದೇ ತಾನೆ? 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪೋಲ್ಡುವಿನಿಂದ ಹೊರಟ ‘ಎಸ್’ ಅಕ್ಷರವನ್ನು ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್‌ನಲ್ಲಿ, ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಕೇಳಿದೆ ಎಂದು ಮಾರ್ಕೋನಿ ಹೇಳಿದರು. ಆಗಿನ ವಾಡಿಕೆಯ ಉಪಕರಣ ಕಾಗದದ ಪಟ್ಟಿಯ ಮೇಲೆ ಮಸಿಯಿಂದ ಬರೆಯುತ್ತಿತ್ತು. ಅದಕ್ಕೆ ಅಷ್ಟು ಕ್ಷೀಣ ಸಂಕೇತ ನಿಲುಕದೆಂದು ಅದನ್ನು ಬಿಟ್ಟು ಪಾದರಸದ ಕೊಹಿರರ್ (ರೇಡಿಯೋ ಅಲೆಯನ್ನು ಪತ್ತೆಹಚ್ಚುವ ಆಗಿನ ಸಾಧನ) ಹಾಗೂ ಟೆಲಿಫೋನಿನ ಕಿವಿತುಂಡನ್ನು ಹಿಡಿದರು. ತಾನಾಗಿಯೇ ಚೇತರಿಸಿಕೊಳ್ಳುವ ಅಂಥ ಕೊಹಿರರನ್ನು ಜಗದೀಶ ಚಂದ್ರ ಬೋಸರು 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ್ದರು. ಕಾಗದ ಹೋಯಿತು, ಸಾಕ್ಷಿಯೂ ಹೋಯಿತು. ಉಳಿದದ್ದು ಮಾರ್ಕೋನಿಯ ಕಿವಿ, ಸಹಾಯಕ ಕೆಂಪ್‌ನ ಕಿವಿ. ಬರುವುದು ‘ಎಸ್’ ಎಂದು ಇಬ್ಬರಿಗೂ ಮೊದಲೇ ಗೊತ್ತಿತ್ತು. ಸಾಲದ್ದಕ್ಕೆ ಅಟ್ಲಾಂಟಿಕ್ ದಾರಿಯೆಲ್ಲ ಹಗಲಾಗಿದ್ದ ಹೊತ್ತದು, ಆ ಅಲೆಗಳಿಗೆ ಒಗ್ಗದ ಹೊತ್ತು. ಕೇಳಿರಲಾರರು ಎನ್ನುವವರ ವಾದ ಗಟ್ಟಿಯಿದೆ; ಕೇಳಿರಬಹುದು ಎನ್ನುವವರೂ ಸೋತಿಲ್ಲ. ಮಾರ್ಕೋನಿ ಸುಳ್ಳು ಹೇಳಿದರೆಂದು ನನಗೇನೂ ಅನ್ನಿಸುವುದಿಲ್ಲ. ಮೂರು ಚುಕ್ಕೆಗಾಗಿಯೇ ಕಾದು ಕೂತ ಕಿವಿಗೆ ಮಿಂಚಿನ ಚಟಪಟದಲ್ಲೂ ಮೂರು ಚುಕ್ಕೆ ಸಿಗುತ್ತವೆ. ನನ್ನ ಅನುಮಾನ ಅಷ್ಟಕ್ಕೇ ನಿಲ್ಲುತ್ತದೆ.

ನೂರು ವರ್ಷದ ಮೇಲೆ ಅದೇ ಸಮುದ್ರದ ಮೇಲೆ, ಈಗ ಹವ್ಯಾಸಿಗಳ ಸರದಿ. 2001ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಮತ್ತು ಕೆನಡಾದ ಇಬ್ಬರು ಹ್ಯಾಮ್‌ಗಳು 136 ಕಿಲೋಹರ್ಟ್ಸ್‌ನಲ್ಲಿ ಅಟ್ಲಾಂಟಿಕ್‌ನ ಎರಡೂ ಕಡೆಯಿಂದ ಪರಸ್ಪರ ಸಂಪರ್ಕ ಸಾಧಿಸಿದರು. ಒಂದು ರಾತ್ರಿಯಲ್ಲಿ ಮುಗಿದ ಕೆಲಸವಲ್ಲ. ಇವತ್ತು ಒಂದಿಷ್ಟು, ನಾಳೆ ಒಂದಿಷ್ಟು ಎಂದು ರಾತ್ರಿಗಳನ್ನು ಜೋಡಿಸಿಕೊಂಡು ಹೋದದ್ದು. ಮಾರ್ಕೋನಿ ಕಾಗದದಿಂದ ಕಿವಿಗೆ ಹೋದರೆ ಇವರು ಕಿವಿಯಿಂದ ಮತ್ತೆ ಬರಹಕ್ಕೆ ಬಂದಿದ್ದರು. ಸಾಕ್ಷಿಯ ಚಿತ್ರ ಉಳಿಯಿತು, ಬೇರೆಯವರೂ ನೋಡಿ ಒಪ್ಪಬಹುದು ಅಥವಾ ಅಲ್ಲಗಳೆಯಬಹುದು.

ಆದರೂ ಕರೆಸಂಕೇತ ಕಂಡರೆ ಸಾಕೆ? ಸಾಲದು ಎನ್ನುವುದು ಈ ಮಂದಿಯ ಶಿಸ್ತು, ನನಗೆ ಬಹಳ ಹಿಡಿಸಿದ ಶಿಸ್ತು. ಮೊದಲೇ ಗೊತ್ತಿರದ ಒಂದಾದರೂ ಅಕ್ಷರ ದಾಟಿಬಂದರೇ ಅದು ಸಂಪರ್ಕ. ಅದಕ್ಕಾಗಿ ಚಂದ್ರನಿಗೆ ಸಂಕೇತ ಬಡಿದು ಮಾತಾಡುವವರಿಂದ ಎರವಲು ತಂದ ಮೂರಕ್ಷರದ ವರದಿಯಿದೆ: ‘ಟಿ’ ಅಂದರೆ ಏನೋ ಇದೆ ಅನ್ನುವಷ್ಟು ಸುಳಿವು, ‘ಎಂ’ ಅಂದರೆ ಅಲ್ಲಲ್ಲಿ ಓದಲಾಯಿತು, ‘ಓ’ ಅಂದರೆ ಪೂರ್ತಿ ಓದಿದೆ. ಮೋರ್ಸ್‌ನಲ್ಲಿ ಇವು ಒಂದು, ಎರಡು, ಮೂರು ಗೆರೆಗಳು. ಮೂರರಲ್ಲಿ ಯಾವುದು ಬರುತ್ತದೆಂದು ಕಾಯುವವನಿಗೆ ತಿಳಿದಿರುವುದಿಲ್ಲ. ಮಾವನ ಪ್ರಶ್ನೆಗೆ ಉತ್ತರ ಅಂತ ಇದ್ದರೆ ಆ ಒಂದಕ್ಷರ. ಬರೀ ಕೇಳುವ ನನ್ನಂಥವನಿಗೆ ಆ ಭಾಗ್ಯವೂ ಇಲ್ಲ, ಅನ್ನುವುದು ಬೇರೆ ಮಾತು.

ಎಷ್ಟು ಬೇಕಾದರೂ ನಿಧಾನ ಮಾಡುತ್ತಾ ಹೋಗಬಹುದಲ್ಲ ಅಂದರೆ ಅದೂ ಇಲ್ಲ. ಹಗಲಲ್ಲಿ ವಾತಾವರಣದ ಮೇಲ್ಪದರವೊಂದು ಈ ಅಲೆಗಳನ್ನು ನುಂಗುತ್ತದೆ. ದೂರದ ಸಂಕೇತಕ್ಕೆ ಇಡೀ ದಾರಿ ಕತ್ತಲಿರಬೇಕು. ಡಿಸೆಂಬರಿನಲ್ಲಿ ಕೆನಡಾದ ಪೂರ್ವ ಕರಾವಳಿಗೂ ನಮಗೂ ಒಟ್ಟಿಗೆ ಕತ್ತಲಿರುವುದು ಹತ್ತು-ಹನ್ನೊಂದು ಗಂಟೆ. ಕ್ಯೂಆರ್‌ಎಸ್‌ಎಸ್-120ರಲ್ಲಿ ‘ವಿಯು2’ ಅನ್ನುವಷ್ಟಕ್ಕೇ ಒಂದೂಕಾಲು ಗಂಟೆ ಬೇಕು; ಪೂರ್ತಿ ಕರೆಸಂಕೇತ, ಎದುರಿನವನ ಕರೆಸಂಕೇತ, ವರದಿ ಎಲ್ಲ ಸೇರಿದರೆ ಸೂರ್ಯ ಬಂದೇ ಬಿಡುತ್ತಾನೆ. ನಡುವೆ ಸಂಕೇತ ತಾನಾಗಿಯೇ ಅರ್ಧ ಗಂಟೆ ಮುಳುಗಿ ಏಳುವುದುಂಟು. ಆಗ ಒಂದಕ್ಷರಕ್ಕೆ ಅಕ್ಷರವೇ ಮಾಯ. ಸೌರ ಬಿರುಗಾಳಿ ಬೀಸಿ ಭೂಕಾಂತತ್ವ ಕದಡಿದರಂತೂ ಉತ್ತರ ಅಟ್ಲಾಂಟಿಕ್ ದಾರಿ ದಿನಗಟ್ಟಲೆ ಬಂದ್. ಇಷ್ಟರ ನಡುವೆಯೂ ನ್ಯೂಜಿಲೆಂಡಿನ ಕ್ವಾರ್ಟ್ಜ್ ಹಿಲ್‌ಗೂ ರಷ್ಯಾದ ವ್ಲಾಡಿವೋಸ್ಟಾಕ್‌ಗೂ, 10,000 ಕಿಲೋಮೀಟರ್ ಮೀರಿದ ದೂರದಲ್ಲಿ, ಈ ಪಟ್ಟಿಯಲ್ಲಿ ಎರಡೂ ಕಡೆಯ ಸಂಪರ್ಕ ಆಗಿದೆ.

ಈಗ ಕಣ್ಣಿನ ಕೆಲಸವನ್ನೂ ಕಂಪ್ಯೂಟರ್ ಕಸಿದುಕೊಂಡಿದೆ. ಜೋಡಿ ಪಲ್ಸಾರ್‌ಗಾಗಿ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೋಸೆಫ್ ಟೇಲರ್ 2008ರಲ್ಲಿ ಹೊರತಂದ ಡಬ್ಲ್ಯುಎಸ್‌ಪಿಆರ್ ಎಂಬ ಡಿಜಿಟಲ್ ವಿಧಾನ, ಕರೆಸಂಕೇತ, ನಕ್ಷೆಯಲ್ಲಿ ಊರಿರುವ ಚೌಕ, ಶಕ್ತಿ ಮೂರನ್ನೂ 50 ಬಿಟ್‌ಗಳಲ್ಲಿ ಮಡಚಿ ಎರಡು ನಿಮಿಷದೊಳಗೆ ದಾಟಿಸುತ್ತದೆ. ದಕ್ಷತೆಯಲ್ಲಿ ಮೋರ್ಸ್ ಅದರ ಹತ್ತಿರವೂ ಸುಳಿಯದು. ಆದರೆ ಅದರದು ಹೌದು ಅಥವಾ ಇಲ್ಲ, ನಡುವಿನದೇನೂ ಇಲ್ಲ. ಟೇಲರ್ ಅವರದೇ ಇನ್ನೊಂದು ವಿಧಾನವಾದ ಜೆಟಿ65ರಲ್ಲಿ, ಗೊತ್ತಿರುವ ಕರೆಸಂಕೇತಗಳ ಪಟ್ಟಿ ಇಟ್ಟುಕೊಂಡು ಅದರಲ್ಲಿ ಯಾವುದು ಹೊಂದುತ್ತದೆ ಎಂದು ಹುಡುಕುವ ಸೌಲಭ್ಯ ಬಂದಾಗ ಹ್ಯಾಮ್‌ಗಳ ನಡುವೆ ಜೋರು ಜಗಳವಾಯಿತು: ಪಟ್ಟಿಯಿಂದ ತೆಗೆದದ್ದು ಬಂದದ್ದು ಹೇಗಾಗುತ್ತದೆ? ಮಾವ ಕೇಳಿದ್ದೇ ಪ್ರಶ್ನೆ, ಯಂತ್ರಕ್ಕೆ.

ಕರ್ನಾಟಕದಲ್ಲಿ ಕೂತು ಇದರ ರುಚಿ ನೋಡಬೇಕೆಂದರೆ 136 ಕಿಲೋಹರ್ಟ್ಸ್‌ಗಿಂತ ಇನ್ನೂ ಕೆಳಗಿಳಿಯಿರಿ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಐಎನ್‌ಎಸ್ ಕಟ್ಟಬೊಮ್ಮನ್‌ನಿಂದ ನೌಕಾಪಡೆ ಜಲಾಂತರ್ಗಾಮಿಗಳಿಗಾಗಿ 18.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಅದು ಮೋರ್ಸ್ ಅಲ್ಲ, ಅದರ ಒಳಗುಟ್ಟು ನಮಗೆ ಬೇಕಾಗಿಯೂ ಇಲ್ಲ. ಆ ಸಂಕೇತ ಇದೆ ಅನ್ನುವುದಷ್ಟೇ ಸಾಕು. ಒಂದು ಮೀಟರಿನ ಮರದ ಚೌಕಟ್ಟಿಗೆ ಎನಾಮೆಲ್ ತಂತಿಯನ್ನು ಮೂವತ್ತು ನಲವತ್ತು ಸುತ್ತು ಸುತ್ತಿ, ಎರಡು ತುದಿಯನ್ನು ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಕೊಡಿ. ಸೌಂಡ್ ಕಾರ್ಡ್ 48 ಕಿಲೋಹರ್ಟ್ಸ್ ವೇಗದಲ್ಲಿದ್ದರೆ 24ರವರೆಗೂ ಕಾಣುತ್ತದೆ, ಬೇರೆ ರಿಸೀವರ್ ಬೇಡ. ಗೆರೆ ಕಂಡ ತಕ್ಷಣ ಹಿಗ್ಗಬೇಡಿ. ಬೆಂಗಳೂರಿನಿಂದ ಆ ಜಾಗ ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ. ಚೌಕಟ್ಟಿನ ಅಂಚು ಉತ್ತರ-ದಕ್ಷಿಣಕ್ಕಿದ್ದಾಗ ಗೆರೆ ದಪ್ಪಗಿರಬೇಕು, ಪೂರ್ವ-ಪಶ್ಚಿಮಕ್ಕೆ ತಿರುಗಿಸಿದರೆ ಅಳಿಸಿಹೋಗಬೇಕು. ಹೇಗೆ ತಿರುಗಿಸಿದರೂ ಜಗ್ಗದಿದ್ದರೆ ಅದು ನಿಮ್ಮ ಚಾರ್ಜರಿನದು, ಇಲ್ಲವೇ ಕೆಳಗಿನ ಮನೆಯವರ ಯುಪಿಎಸ್ಸಿನದು.